ಬೊಗಲೂಸದ ಮಕ್ಕಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಲೂಯಿಸಿಯಾನ ಎಂಬ ರಾಜ್ಯವಿದೆ. ಅಲ್ಲಿನ ಬೊಗಲೂಸ ಎಂಬುದು ಭೂಪಟದಲ್ಲಿ ಹುಡುಕಿ ಕಾಣಬೇಕಾದಷ್ಟು ಚಿಕ್ಕ ಪಟ್ಟಣ. ಆ ನಾಡಿನ ಮೂಲನಿವಾಸಿಗಳಾದ ಚಾಕ್ಟಾ ಜನರ ನುಡಿಯಲ್ಲಿ ಈ ಹೆಸರಿಗೆ ‘ಕಪ್ಪು ಹೊಳೆ’ ಎಂದು ಅರ್ಥ. ಸುತ್ತಲೂ ಪೈನ್ ಮರಗಳ ಕಾಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರ ಕೊಯ್ಯುವ ಕಾರ್ಖಾನೆಯೊಂದಕ್ಕಾಗಿಯೇ ಹುಟ್ಟಿದ ಈ ಊರು ಅನಂತರ ಕಾಗದದ ಕಾರ್ಖಾನೆಯನ್ನು ನೆಚ್ಚಿ ಬಾಳಿತು. ಬಿಳಿಯರೂ ಕಪ್ಪು ಜನರೂ ಅಲ್ಲಿ ನೆರೆಹೊರೆಯಲ್ಲಿದ್ದರೂ ಅವರ ಬದುಕು ಬೇರೆಬೇರೆಯಾಗಿತ್ತು. 1965ರಲ್ಲಿ ನಾಗರಿಕ ಹಕ್ಕುಗಳಿಗಾಗಿ ಕಪ್ಪು ಜನ ನಡೆಸಿದ ಮೆರವಣಿಗೆಗಳು ಈ ಊರಿನ ಬೀದಿಗಳಲ್ಲಿ ಹಿಂಸೆಯನ್ನು ಎದುರಿಸಬೇಕಾಯಿತು. ಆಗ ಊರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಏಳು ವರ್ಷಗಳು ಕಳೆದ ಮೇಲೆ, 1972ರಲ್ಲಿ, ಬೊಗಲೂಸದಲ್ಲಿ ಬೇರೊಂದು ಬಗೆಯ ಕಾರ್ಯ ಆರಂಭವಾಯಿತು. ಅದೇ ಊರಿನಲ್ಲಿ 1922ರಲ್ಲಿ ಹುಟ್ಟಿ, ಹೃದ್ರೋಗತಜ್ಞರಾಗಿದ್ದ ಜೆರಾಲ್ಡ್ ಬೆರೆನ್‌ಸನ್ ಅವರು ತಮ್ಮ ಊರಿನ ಮಕ್ಕಳನ್ನೆಲ್ಲ, ಬಣ್ಣದ ಭೇದವಿಲ್ಲದೆ, ಒಂದೇ ಅಧ್ಯಯನಕ್ಕೆ ಸೇರಿಸಿಕೊಂಡರು. 1973–74ರ ಮೊದಲ ಸುತ್ತಿನಲ್ಲಿ ಐದರಿಂದ ಹದಿನಾಲ್ಕು ವರ್ಷದೊಳಗಿನ ಸುಮಾರು ಮೂರೂವರೆ ಸಾವಿರ ಮಕ್ಕಳ ರಕ್ತದೊತ್ತಡವನ್ನು ಅಳೆಯಲಾಯಿತು. ಒಂದೊಂದು ಮಗುವಿಗೂ ಒಂದೇ ಸಲವಲ್ಲ, ಒಂಬತ್ತು ಸಲ! ಮಕ್ಕಳು ಹೆದರಬಾರದೆಂದು ಇತರ ಮಕ್ಕಳ ಜೊತೆಯಲ್ಲಿಯೇ, ನೆಮ್ಮದಿಯ ವಾತಾವರಣದಲ್ಲಿ ಈ ಅಳತೆ ನಡೆಯಿತು. ಅವರ ಎತ್ತರ, ತೂಕ, ರಕ್ತದಲ್ಲಿನ ಕೊಬ್ಬಿನ ಅಂಶ ಇವೆಲ್ಲವೂ ದಾಖಲೆಯಾದವು.

ಮಕ್ಕಳು ಆರೋಗ್ಯವಂತರಾಗಿಯೇ ಇದ್ದರು. ಓಡುತ್ತಿದ್ದರು, ಆಡುತ್ತಿದ್ದರು, ಶಾಲೆಗೆ ಹೋಗುತ್ತಿದ್ದರು. ಯಾವ ಮಗುವೂ ತನಗೆ ನೋವಿದೆ ಎಂದು ಹೇಳಿರಲಿಲ್ಲ. ಹಾಗಿರುವಾಗ ವಯಸ್ಸಾದವರ ಕಾಯಿಲೆಯೆಂದು ಲೋಕವೆಲ್ಲ ನಂಬಿದ್ದ ರಕ್ತದೊತ್ತಡವನ್ನು ಐದು ವರ್ಷದ ಮಗುವಿನ ತೋಳಿನಲ್ಲಿ ಹುಡುಕುವ ಅಗತ್ಯವೇನಿತ್ತು? ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಮೊದಲು ರಕ್ತದೊತ್ತಡವೆಂದರೇನು, ರಕ್ತನಾಳ ಅದನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕು.

ಹೃದಯವು ನಿಮಿಷಕ್ಕೆ ಸುಮಾರು ಎಪ್ಪತ್ತು ಸಲ ಮಿಡಿಯುತ್ತದೆ ಎಂದುಕೊಂಡರೆ ಒಂದು ದಿನಕ್ಕೆ ಮಿಡಿತಗಳ ಸಂಖ್ಯೆ ಒಂದು ಲಕ್ಷವನ್ನು ಮುಟ್ಟುತ್ತದೆ. ಪ್ರತಿ ಮಿಡಿತದಲ್ಲಿಯೂ ಹೃದಯ ಸಂಕುಚಿತವಾಗಿ ರಕ್ತವನ್ನು ಅಪಧಮನಿಗಳೊಳಕ್ಕೆ ನೂಕುತ್ತದೆ. ಹಾಗೆ ನುಗ್ಗಿದ ರಕ್ತ ನಾಳದ ಗೋಡೆಯನ್ನು ಒತ್ತುತ್ತದೆ. ಇದೇ ರಕ್ತದೊತ್ತಡ. ಹೃದಯ ಸಂಕುಚಿಸಿದಾಗ ಏರುವ ಒತ್ತಡಕ್ಕೆ ಸಂಕೋಚನ ಒತ್ತಡವೆಂದೂ, ಅದು ಸಡಿಲಗೊಂಡಾಗ ಉಳಿಯುವ ಒತ್ತಡಕ್ಕೆ ವ್ಯಾಕೋಚನ ಒತ್ತಡವೆಂದೂ ಹೆಸರು. ವೈದ್ಯರು ‘ನೂರಿಪ್ಪತ್ತು, ಎಂಬತ್ತು’ ಎಂದು ಹೇಳುವಾಗ ಮೊದಲನೆಯ ಸಂಖ್ಯೆ ಸಂಕೋಚನದ್ದು, ಎರಡನೆಯದು ವ್ಯಾಕೋಚನದ್ದು. ಅಳತೆಯ ಮಾನ ಪಾದರಸದ ಮಿಲಿಮೀಟರು.

ಈ ಒತ್ತಡವನ್ನು ಮೊಟ್ಟಮೊದಲು ಅಳೆದವರು ವೈದ್ಯರಲ್ಲ, ಒಬ್ಬ ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬಾತ ಹೆಣ್ಣು ಕುದುರೆಯೊಂದರ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ಜೋಡಿಸಿದ. ರಕ್ತ ಆ ನಳಿಗೆಯಲ್ಲಿ ಎಂಟು ಅಡಿಗೂ ಮೇಲಕ್ಕೆ ಏರಿ ನಿಂತಿತು. 1733ರಲ್ಲಿ ಪ್ರಕಟವಾದ ಈ ಪ್ರಯೋಗ ರಕ್ತದ ಬಲವನ್ನು ಕಣ್ಣಿಗೆ ಕಾಣುವಂತೆ ಮಾಡಿತಾದರೂ ಮನುಷ್ಯರ ಮೇಲೆ ಅದನ್ನು ಪ್ರಯೋಗಿಸುವಂತಿರಲಿಲ್ಲ. 1896ರಲ್ಲಿ ಇಟಲಿಯ ರೀವ-ರೋಚ್ಚಿ ತೋಳಿಗೆ ಕಟ್ಟುವ, ಗಾಳಿ ತುಂಬುವ ಪಟ್ಟಿಯನ್ನು ರೂಪಿಸಿದರು. 1905ರಲ್ಲಿ ರಷ್ಯದ ಕೊರೊಟ್ಕೊವ್ ಆ ಪಟ್ಟಿಯ ಕೆಳಗೆ ಸ್ಟೆಥಸ್ಕೋಪನ್ನು ಇಟ್ಟು ನಾಳದ ಸದ್ದನ್ನು ಆಲಿಸಿ ಎರಡೂ ಒತ್ತಡಗಳನ್ನು ಗುರುತಿಸುವ ಕ್ರಮವನ್ನು ತಿಳಿಸಿದರು. ಗಾಯವಿಲ್ಲದೆ, ನೋವಿಲ್ಲದೆ, ಒಂದೆರಡು ನಿಮಿಷಗಳಲ್ಲಿ ಮುಗಿಯುವ ಈ ವಿಧಾನದಿಂದಾಗಿಯೇ ಮಕ್ಕಳ ರಕ್ತದೊತ್ತಡವನ್ನೂ ಅಳೆಯುವುದು ಸಾಧ್ಯವಾಯಿತು.

ಇನ್ನು ನಾಳದ ಗೋಡೆಯ ವಿಚಾರ. ಹೃದಯದಿಂದ ಹೊರಡುವ ಮಹಾಪಧಮನಿ ಮನೆಯ ನಲ್ಲಿಯ ಕೊಳವೆಯಂತೆ ಬಿಗಿಯಾದುದಲ್ಲ. ರಕ್ತ ನುಗ್ಗಿದಾಗ ಅದು ಉಬ್ಬುತ್ತದೆ. ಹೃದಯ ವಿಶ್ರಮಿಸುವಾಗ ಮತ್ತೆ ಕುಗ್ಗಿ ರಕ್ತವನ್ನು ಮುಂದಕ್ಕೆ ಸಾಗಿಸುತ್ತದೆ. ಇದರಿಂದಾಗಿ ಹೃದಯದ ಬಿಟ್ಟು ಬಿಟ್ಟು ಬರುವ ನೂಕು ಅಂಗಾಂಗಗಳನ್ನು ತಲಪುವ ಹೊತ್ತಿಗೆ ಒಂದೇ ಸಮನಾದ ಹರಿವಾಗುತ್ತದೆ. ಈ ಹಿಗ್ಗುವ ಗುಣವನ್ನು ಕೊಡುವುದು ಗೋಡೆಯೊಳಗಿನ ಎಲಾಸ್ಟಿನ್ ಎಂಬ ಎಳೆಗಳು. ಅವುಗಳ ಜೊತೆಯಲ್ಲಿ ಕೊಲಾಜನ್ ಎಂಬ ಗಡುಸಾದ ಎಳೆಗಳೂ ಇರುತ್ತವೆ. ಎಲಾಸ್ಟಿನ್ ರಬ್ಬರಿನಂತೆ, ಕೊಲಾಜನ್ ಹಗ್ಗದಂತೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದೇಹವು ತನಗೆ ಬೇಕಾದ ಎಲಾಸ್ಟಿನ್ನಿನ ಬಹುಭಾಗವನ್ನು ತಾಯಿಯ ಗರ್ಭದಲ್ಲಿಯೂ ಬಾಲ್ಯದ ಮೊದಲ ವರ್ಷಗಳಲ್ಲಿಯೂ ತಯಾರಿಸಿಕೊಂಡುಬಿಡುತ್ತದೆ. ಆ ಮೇಲೆ ಹೊಸದಾಗಿ ಉತ್ಪತ್ತಿಯಾಗುವುದು ಅತ್ಯಲ್ಪ. ಎಂದರೆ, ಬಾಲ್ಯದಲ್ಲಿ ದೊರೆತ ಈ ಎಳೆಗಳೇ ದಿನಕ್ಕೆ ಲಕ್ಷ ಸಲ ಹಿಗ್ಗಿ ಕುಗ್ಗುತ್ತ ಜೀವಮಾನವಿಡೀ ಬಾಳಬೇಕು. ಒತ್ತಡ ಹೆಚ್ಚಾದಾಗ ಎಳೆಗಳು ಬೇಗ ಸವೆದು ತುಂಡಾಗುತ್ತವೆ. ಬರಿದಾದ ಎಡೆಯನ್ನು ದೇಹ ಕೊಲಾಜನ್ನಿನಿಂದ ತುಂಬುತ್ತದೆ. ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ. ಗಡುಸಾದ ನಾಳ ಉಬ್ಬಲಾರದು. ಆದ್ದರಿಂದ ಒತ್ತಡ ಇನ್ನಷ್ಟು ಏರುತ್ತದೆ. ಏರಿದ ಒತ್ತಡ ಗೋಡೆಯನ್ನು ಮತ್ತಷ್ಟು ಗಡುಸು ಮಾಡುತ್ತದೆ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಇದು ಸುತ್ತಿದಲ್ಲಿಯೇ ಸುತ್ತುವ ಕ್ರಿಯೆ. ಅಷ್ಟೇ ಅಲ್ಲ, ನಾಳದ ಒಳಮೈಯನ್ನು ಆವರಿಸಿರುವ ನಯವಾದ ಪೊರೆಯೂ ಈ ಒತ್ತಡದಿಂದ ಘಾಸಿಗೊಳ್ಳುತ್ತದೆ. ಘಾಸಿಗೊಂಡ ಕಡೆ ರಕ್ತದಲ್ಲಿನ ಕೊಬ್ಬು ಒಳಸೇರಿ ನೆಲೆಯೂರುತ್ತದೆ. ಹೃದಯಕ್ಕೇ ರಕ್ತ ಒದಗಿಸುವ ಅಪಧಮನಿಯಲ್ಲಿ ಹೀಗಾದರೆ ಹೃದಯಾಘಾತ. ಮೆದುಳಿನ ನಾಳದಲ್ಲಾದರೆ ಪಾರ್ಶ್ವವಾಯು.

ಈ ಸವೆತ ಯಾವ ವಯಸ್ಸಿನಲ್ಲಿ ಆರಂಭವಾಗುತ್ತದೆ? ನಲವತ್ತು ಐವತ್ತರ ಬಳಿಕ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1953ರಲ್ಲಿ ಆ ನಂಬಿಕೆ ಅಲುಗಿತು. ಕೊರಿಯಾದ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಶವಪರೀಕ್ಷೆಯ ವಿವರಗಳು ಆ ವರ್ಷ ಪ್ರಕಟವಾದವು. ಅವರ ಸರಾಸರಿ ವಯಸ್ಸು ಇಪ್ಪತ್ತೆರಡು. ಗಟ್ಟಿಮುಟ್ಟಾದ ಮೈಕಟ್ಟಿನ ಆ ಯುವಕರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯ ಹೃದಯದ ಅಪಧಮನಿಗಳಲ್ಲಿ ರೋಗದ ಕುರುಹುಗಳು ಕಂಡುಬಂದವು. ಇಪ್ಪತ್ತೆರಡರಲ್ಲಿ ಕಾಣಿಸಿಕೊಂಡ ರೋಗ ಅದಕ್ಕೆ ಬಹಳ ಹಿಂದೆಯೇ ಮೊಳೆತಿರಬೇಕಲ್ಲವೆ? ಆದರೆ ಮಡಿದವರ ಬಾಲ್ಯದ ಅಳತೆಗಳು ಯಾರ ಬಳಿಯೂ ಇರಲಿಲ್ಲ. ಫಲ ಕಣ್ಣೆದುರಿಗಿತ್ತು, ಬಿತ್ತನೆಯ ಕಾಲ ತಿಳಿದಿರಲಿಲ್ಲ.

ಬೊಗಲೂಸದ ಅಧ್ಯಯನ ಈ ಕೊರತೆಯನ್ನು ತುಂಬಿಕೊಟ್ಟಿತು. ಮಕ್ಕಳು ಬೆಳೆದರು, ಕೆಲವರು ಊರಿನಲ್ಲಿಯೇ ಉಳಿದರು, ಕೆಲವರು ದೂರ ಹೋದರು. ಅಧ್ಯಯನ ಮಾತ್ರ ಅವರನ್ನು ಬಿಡಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಅವರನ್ನು ಕರೆಸಿ ಮತ್ತೆ ಮತ್ತೆ ಅಳೆಯಲಾಯಿತು. ಆಗ ಮೊದಲು ಗೋಚರವಾದ ಸತ್ಯವಿದು: ಓರಗೆಯ ಮಕ್ಕಳ ನಡುವೆ ಯಾರ ಒತ್ತಡ ಮೇಲಿನ ಸಾಲಿನಲ್ಲಿತ್ತೋ, ದೊಡ್ಡವರಾದ ಮೇಲೆಯೂ ಅವರಲ್ಲಿ ಅನೇಕರ ಒತ್ತಡ ಮೇಲಿನ ಸಾಲಿನಲ್ಲಿಯೇ ಉಳಿಯಿತು. ಬಾಲ್ಯದ ಒತ್ತಡ ಬಾಲ್ಯದೊಂದಿಗೆ ಮುಗಿಯುವುದಿಲ್ಲ. ಅದು ಮನುಷ್ಯನ ಹಿಂದೆಯೇ ನಡೆದು ಬರುತ್ತದೆ.

ಇದಕ್ಕಿಂತ ಗಂಭೀರವಾದ ಸಾಕ್ಷ್ಯ ದುಃಖದ ಹಾದಿಯಲ್ಲಿ ದೊರೆಯಿತು. ಊರಿನ ಎಳೆಯರಲ್ಲಿ ಕೆಲವರು ಅಪಘಾತ ಮೊದಲಾದ ಕಾರಣಗಳಿಂದ ಅಕಾಲದಲ್ಲಿ ತೀರಿಕೊಂಡರು. ಎರಡರಿಂದ ಮೂವತ್ತೊಂಬತ್ತು ವರ್ಷದೊಳಗಿನ ಹೀಗೆ ಮಡಿದ 204 ಮಂದಿಯ ಶವಪರೀಕ್ಷೆಯ ಫಲಿತಾಂಶವನ್ನು ಬೆರೆನ್‌ಸನ್ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದರು. ಅವರಲ್ಲಿ 93 ಮಂದಿಯ ರಕ್ತದೊತ್ತಡವೇ ಮೊದಲಾದ ಅಳತೆಗಳು ಅವರು ಬದುಕಿದ್ದಾಗಲೇ ದಾಖಲಾಗಿದ್ದವು. ಎರಡರಿಂದ ಹದಿನೈದು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಹೃದಯದ ಅಪಧಮನಿಗಳಲ್ಲಿ ಕೊಬ್ಬಿನ ತೆಳುವಾದ ಗೆರೆಗಳು ಆಗಲೇ ಮೂಡಿದ್ದವು. ಇಪ್ಪತ್ತೊಂದು ದಾಟಿದವರಲ್ಲಿ ಈ ಪ್ರಮಾಣ ಶೇಕಡ 85. ಗೆರೆಗಳು ಎಲ್ಲರಲ್ಲೂ ಒಂದೇ ಸಮನಾಗಿ ಹರಡಿರಲಿಲ್ಲ. ರಕ್ತದೊತ್ತಡ, ಮೈತೂಕ, ರಕ್ತದ ಕೊಬ್ಬು ಇವು ಹೆಚ್ಚಾಗಿದ್ದಷ್ಟೂ ನಾಳಗಳ ಕೆಡುಕು ಹೆಚ್ಚಾಗಿತ್ತು. ಧೂಮಪಾನವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಇಂಥ ಯಾವ ದೋಷವೂ ಇಲ್ಲದವರ ಹೃದಯದ ಅಪಧಮನಿಗಳ ಒಳಮೈಯಲ್ಲಿ ಶೇಕಡ 1.3ರಷ್ಟು ಭಾಗವನ್ನು ಮಾತ್ರ ಗೆರೆಗಳು ಆವರಿಸಿದ್ದರೆ, ಮೂರು ನಾಲ್ಕು ದೋಷಗಳು ಒಟ್ಟುಗೂಡಿದವರಲ್ಲಿ ಶೇಕಡ 11ರಷ್ಟು ಭಾಗವನ್ನು ಅವು ಆವರಿಸಿದ್ದವು. ಮಕ್ಕಳನ್ನು ಕಳೆದುಕೊಂಡ ಮನೆಗಳಿಂದ ದೊರೆತ ಈ ಅರಿವಿಗೆ ಲೋಕ ಋಣಿಯಾಗಿದೆ.

ಬದುಕಿರುವವರ ನಾಳಗಳ ಸ್ಥಿತಿಯನ್ನು ಅರಿಯಲು ಬೇರೆ ಉಪಾಯಗಳಿವೆ. ಶ್ರವಣಾತೀತ ತರಂಗಗಳ ನೆರವಿನಿಂದ ಕತ್ತಿನ ಅಪಧಮನಿಯ ಗೋಡೆಯ ದಪ್ಪವನ್ನು ಮಿಲಿಮೀಟರಿನ ಅಂಶಗಳಲ್ಲಿ ಅಳೆಯಬಹುದು. ನಾಡಿಯ ಅಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನು ಅಳೆದು ನಾಳದ ಗಡುಸುತನವನ್ನು ತಿಳಿಯಬಹುದು. ಎಳೆಯ ವಯಸ್ಸಿನ ಮೃದುವಾದ ಮಹಾಪಧಮನಿಯಲ್ಲಿ ಅಲೆಯ ವೇಗ ಸೆಕೆಂಡಿಗೆ ಐದಾರು ಮೀಟರು. ಗೋಡೆ ಗಡುಸಾದಾಗ ಅದು ಹತ್ತು ಮೀಟರನ್ನೂ ಮೀರುತ್ತದೆ. ಬೊಗಲೂಸದ ಮಕ್ಕಳು ನಡುಹರೆಯಕ್ಕೆ ಬಂದಾಗ ಈ ಪರೀಕ್ಷೆ ನಡೆಯಿತು. ಬಾಲ್ಯದಲ್ಲಿ ಸಂಕೋಚನ ಒತ್ತಡ ಹೆಚ್ಚಾಗಿದ್ದವರ ನಾಳಗಳು ಇತರರ ನಾಳಗಳಿಗಿಂತ ಗಡುಸಾಗಿದ್ದವು ಎಂದು 2004ರಲ್ಲಿ ವರದಿಯಾಯಿತು.

ಒಂದು ಊರಿನ ಸಾಕ್ಷ್ಯದಿಂದಲೇ ಲೋಕಕ್ಕೆಲ್ಲ ಅನ್ವಯಿಸುವ ತೀರ್ಮಾನಕ್ಕೆ ಬರುವುದು ವಿಜ್ಞಾನದ ಕ್ರಮವಲ್ಲ. 1960ರ ದಶಕದಲ್ಲಿ ಹೃದ್ರೋಗದಿಂದ ಸಾಯುವ ಗಂಡಸರ ಪ್ರಮಾಣ ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿದ್ದ ದೇಶಗಳಲ್ಲಿ ಫಿನ್‌ಲೆಂಡ್ ಒಂದು. ಅಲ್ಲಿ 1980ರಲ್ಲಿ ಮೂರರಿಂದ ಹದಿನೆಂಟು ವರ್ಷದೊಳಗಿನ 3,596 ಮಕ್ಕಳನ್ನೂ ತರುಣರನ್ನೂ ಪರೀಕ್ಷಿಸಿ, ಅವರನ್ನು ದಶಕಗಳ ಕಾಲ ಹಿಂಬಾಲಿಸಲಾಯಿತು. ಹದಿಹರೆಯದಲ್ಲಿ ರಕ್ತದೊತ್ತಡ ಹೆಚ್ಚಾಗಿದ್ದವರಿಗೆ ಮೂವತ್ತು ದಾಟಿದ ಮೇಲೆ ಕತ್ತಿನ ಅಪಧಮನಿಯ ಗೋಡೆ ದಪ್ಪವಾಗಿರುವುದು ಅಲ್ಲಿಯೂ ಕಂಡುಬಂತು. ಅಮೆರಿಕ, ಫಿನ್‌ಲೆಂಡ್, ಆಸ್ಟ್ರೇಲಿಯ ಈ ಮೂರು ದೇಶಗಳ ಏಳು ಅಧ್ಯಯನಗಳ 38,000ಕ್ಕೂ ಮೀರಿದ ಜನರ ದಾಖಲೆಗಳನ್ನು ಒಟ್ಟುಗೂಡಿಸಿದ ವರದಿ 2022ರಲ್ಲಿ ಹೊರಬಂದಿತು. ಸರಾಸರಿ ಮೂವತ್ತೈದು ವರ್ಷಗಳ ಅವಧಿಯ ಆ ಲೆಕ್ಕಾಚಾರದಂತೆ, ಬಾಲ್ಯದ ಸಂಕೋಚನ ಒತ್ತಡ, ಮೈತೂಕ, ರಕ್ತದ ಕೊಬ್ಬು, ಎಳೆತನದ ಧೂಮಪಾನ ಇವು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಉಂಟಾಗುವ ಅಕಾಲ ಮರಣದೊಡನೆ ಸಂಬಂಧ ಹೊಂದಿವೆ.

ಕನ್ನಡ ನಾಡಿಗೂ ಈ ಕಥೆಯಲ್ಲಿ ಒಂದು ಸ್ಥಾನವುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತ ಬಂದಿದ್ದಾರೆ. ಅಲ್ಲಿ ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಇವನ್ನು 1934ರಿಂದ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. ದಶಕಗಳ ತರುವಾಯ ಸಂಶೋಧಕರು ಆ ದಾಖಲೆಗಳನ್ನು ತೆರೆದು, ಆ ಶಿಶುಗಳು ಬೆಳೆದು ವಯಸ್ಕರಾಗಿ ನೆಲಸಿದ್ದ ಮನೆಗಳನ್ನು ಹುಡುಕಿಕೊಂಡು ಹೋದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿದೆಯೆಂದು 1996ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು. ಅದು ರಕ್ತದೊತ್ತಡದ ಅಧ್ಯಯನವಲ್ಲ. ಆದರೂ ದೊಡ್ಡವರ ಹೃದಯದ ಕಥೆ ತೊಟ್ಟಿಲಿಗೂ ಮೊದಲೇ ಆರಂಭವಾಗುತ್ತದೆ ಎಂಬ ಮಾತಿಗೆ ಅದು ಬಲ ನೀಡಿತು. ಬಸುರಿಯ ಊಟ ಉಪಚಾರ ಎರಡು ಜೀವಗಳ ಮಾತು ಎಂದು ಹಿರಿಯರು ಹೇಳುತ್ತಿದ್ದುದು ಬರಿಯ ವಾಡಿಕೆಯ ಮಾತಲ್ಲ.

ಇಷ್ಟನ್ನು ಕೇಳಿದ ಮೇಲೆ ಒಂದು ಆತಂಕ ಮೂಡುವುದು ಸಹಜ. ಬಾಲ್ಯದಲ್ಲಿ ಒತ್ತಡ ಹೆಚ್ಚಾಗಿದ್ದರೆ ಮುಂದಿನ ಬಾಳು ಹಣೆಯಲ್ಲಿ ಬರೆದಂತೆಯೇ ಸರಿಯೆ? ಖಂಡಿತ ಅಲ್ಲ. 2013ರಲ್ಲಿ ನಾಲ್ಕು ಅಧ್ಯಯನಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಹೋಲಿಸಿ ನೋಡಿದಾಗ, ಬಾಲ್ಯದಲ್ಲಿಯೂ ಪ್ರೌಢ ವಯಸ್ಸಿನಲ್ಲಿಯೂ ಒತ್ತಡ ಏರಿಯೇ ಇದ್ದವರ ನಾಳಗಳು ಹೆಚ್ಚು ದಪ್ಪವಾಗಿದ್ದವು. ಬಾಲ್ಯದಲ್ಲಿ ಏರಿದ್ದು ದೊಡ್ಡವರಾಗುವ ವೇಳೆಗೆ ಸರಿಯಾದ ಮಟ್ಟಕ್ಕೆ ಇಳಿದವರಲ್ಲಿ ಈ ಅಪಾಯ ಬಹುಮಟ್ಟಿಗೆ ತಗ್ಗಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಸಾಮಾನ್ಯವಾಗಿ ಎಚ್ಚರಿಕೆಯ ಮಾತಾಗಿ ಬಳಸುತ್ತಾರೆ. ಗಿಡವಾಗಿರುವಾಗ ಬಗ್ಗುತ್ತದೆ ಎಂಬ ಭರವಸೆಯೂ ಅದರಲ್ಲಿದೆ.

ಹಾಗೆ ಬಗ್ಗಿಸುವುದಕ್ಕೆ ದೊಡ್ಡ ಸಾಹಸವೇನೂ ಬೇಕಿಲ್ಲವೆಂಬುದಕ್ಕೆ ಫಿನ್‌ಲೆಂಡಿನ ತುರ್ಕು ನಗರದ ಪ್ರಯೋಗವೊಂದು ನಿದರ್ಶನ. 1990ರಲ್ಲಿ ಆರಂಭವಾದ ಆ ಪ್ರಯೋಗದಲ್ಲಿ ಸಾವಿರಕ್ಕೂ ಹೆಚ್ಚು ಶಿಶುಗಳಿದ್ದರು. ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ತಂದೆತಾಯಿಯರಿಗೆ ಮಗುವಿನ ಏಳನೆಯ ತಿಂಗಳಿನಿಂದಲೇ ಆಹಾರದ ಕೊಬ್ಬಿನ ಬಗೆಗೆ ತಿಳಿವಳಿಕೆ ಕೊಡುತ್ತ ಬರಲಾಯಿತು. ಹದಿನೈದು ವರ್ಷದವರೆಗಿನ ಅಳತೆಗಳನ್ನು ನೋಡಿದಾಗ ಆ ಗುಂಪಿನ ಮಕ್ಕಳ ರಕ್ತದೊತ್ತಡ ಸುಮಾರು ಒಂದು ಮಿಲಿಮೀಟರಿನಷ್ಟು ಕಡಿಮೆಯಿತ್ತು. ಒಂದು ಮಿಲಿಮೀಟರು ಒಬ್ಬ ಮನುಷ್ಯನಿಗೆ ಅಲ್ಪವೆನಿಸಬಹುದು. ಆದರೆ ಅದು ದಿನಕ್ಕೆ ಲಕ್ಷ ಮಿಡಿತಗಳಲ್ಲಿ, ವರ್ಷ ವರ್ಷವೂ, ಒಂದು ಪೀಳಿಗೆಯ ನಾಳಗಳ ಮೇಲೆ ತಪ್ಪುವ ಹೊರೆ ಎಂದು ಎಣಿಸಿದರೆ ಅದರ ಬೆಲೆ ತಿಳಿಯುತ್ತದೆ.

ಮಕ್ಕಳ ರಕ್ತದೊತ್ತಡವನ್ನು ದೊಡ್ಡವರ ಅಳತೆಗೋಲಿನಿಂದ ನೋಡಬಾರದು. ಹತ್ತು ವರ್ಷದ ಮಗುವಿನ ಒತ್ತಡ ಸಾಮಾನ್ಯವಾಗಿ 100/60ರ ಆಸುಪಾಸಿನಲ್ಲಿರುತ್ತದೆ. ವಯಸ್ಸು ಏರಿದಂತೆ ಅದೂ ಏರುತ್ತದೆ. ಆದ್ದರಿಂದ ಮಗುವಿನ ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದನ್ನು ನೋಡಿ ವೈದ್ಯರು ಕೋಷ್ಟಕಗಳೊಡನೆ ಹೋಲಿಸಿ ನಿರ್ಧರಿಸುತ್ತಾರೆ. ಹದಿಮೂರು ತುಂಬಿದವರಲ್ಲಿ 130/80 ಅಥವಾ ಅದಕ್ಕಿಂತ ಹೆಚ್ಚಿನ ಅಳತೆ ಬೇರೆಬೇರೆ ದಿನಗಳಲ್ಲಿಯೂ ಕಂಡುಬಂದರೆ ಅದನ್ನು ಹೆಚ್ಚಿನ ಒತ್ತಡವೆಂದು ಪರಿಗಣಿಸುವ ಪದ್ಧತಿಯಿದೆ. ಮಗು ಐದು ನಿಮಿಷ ಶಾಂತವಾಗಿ ಕುಳಿತ ಮೇಲೆ, ಅದರ ತೋಳಿಗೆ ಹೊಂದುವ ಪಟ್ಟಿಯನ್ನೇ ಕಟ್ಟಿ ಅಳೆಯಬೇಕು. ಪಟ್ಟಿ ತೀರ ಚಿಕ್ಕದಾದರೆ ಇಲ್ಲದ ಒತ್ತಡ ಇದ್ದಂತೆ ತೋರುತ್ತದೆ. ಒಂದು ದಿನದ ಒಂದು ಅಳತೆಯಿಂದ ಮಗುವಿಗೆ ರೋಗಿಯೆಂಬ ಹೆಸರು ಹಚ್ಚುವುದು ಸಲ್ಲದು. ಬೊಗಲೂಸದಲ್ಲಿ ಒಂಬತ್ತು ಸಲ ಅಳೆದುದರ ಮರ್ಮ ಇದೇ.

ಕೆಲವು ಮಕ್ಕಳಲ್ಲಿ ಮೂತ್ರಪಿಂಡದ ದೋಷ, ಮಹಾಪಧಮನಿಯ ಹುಟ್ಟು ದೋಷ ಮೊದಲಾದ ಕಾರಣಗಳಿರುತ್ತವೆ. ಅವಕ್ಕೆ ವೈದ್ಯರ ಚಿಕಿತ್ಸೆಯೇ ಬೇಕು. ಉಳಿದ ಬಹುಪಾಲು ಮಕ್ಕಳಲ್ಲಿ, ವಿಶೇಷವಾಗಿ ಹರೆಯಕ್ಕೆ ಕಾಲಿಡುವವರಲ್ಲಿ, ಮನೆತನದ ಗುಣದೊಂದಿಗೆ ಕೂಡಿ ಒತ್ತಡವನ್ನು ಏರಿಸುವುದು ಮೈತೂಕ, ಉಪ್ಪು, ಆಟವಿಲ್ಲದ ದಿನಚರಿ, ಸಾಲದ ನಿದ್ದೆ. ದೊಡ್ಡವರಿಗೂ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಒಂದು ಚಹಾ ಚಮಚದಷ್ಟು. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಉಪ್ಪು ಇರುವುದು ಎಲ್ಲರಿಗೂ ಗೊತ್ತು. ಅಂಗಡಿಯ ಪೊಟ್ಟಣಗಳಲ್ಲಿ ಬರುವ ಕುರುಕಲು ತಿಂಡಿಗಳಲ್ಲಿ ಅಡಗಿರುವ ಉಪ್ಪು ನಾಲಗೆಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಸೊಪ್ಪು, ತರಕಾರಿ, ಹಣ್ಣು, ಬೇಳೆಕಾಳು ಇವು ಊಟದಲ್ಲಿ ಸಾಕಷ್ಟಿರಬೇಕು; ಸಂಜೆಗೆ ಬಯಲಿನ ಆಟವಿರಬೇಕು; ರಾತ್ರಿಗೆ ತುಂಬು ನಿದ್ದೆಯಿರಬೇಕು. ಇದೆಲ್ಲ ಮಗುವೊಂದರ ಕರ್ತವ್ಯವಲ್ಲ. ಬಟ್ಟಲಿಗೆ ಬಡಿಸುವ ಕೈ ಮನೆಯದು. ಆಟದ ಬಯಲನ್ನು ಉಳಿಸಿಕೊಡಬೇಕಾದುದು ಶಾಲೆ ಮತ್ತು ಊರು.

ಬೆರೆನ್‌ಸನ್ ಅವರು 2018ರಲ್ಲಿ, ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ, ಕಾಲವಾದರು. 1973ರಲ್ಲಿ ಅಂಜುತ್ತಲೋ ನಗುತ್ತಲೋ ತೋಳು ಚಾಚಿದ ಮಕ್ಕಳು ಆ ವೇಳೆಗೆ ಐವತ್ತು ದಾಟಿದ್ದರು. ಅವರಲ್ಲಿ ಅನೇಕರು ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವರು. ತಮ್ಮ ತೋಳಿಗೆ ಪಟ್ಟಿ ಕಟ್ಟಿದುದೇಕೆಂದು ಅಂದು ಅವರಿಗೆ ತಿಳಿದಿರಲಾರದು. ಕೊರಿಯಾದಲ್ಲಿ ಮಡಿದ ಸೈನಿಕರ ನಾಳಗಳು ಕೇಳಿ ಹೋದ ಪ್ರಶ್ನೆಗೆ ಉತ್ತರ ದೊರೆತದ್ದು ಅವರ ತಾಳ್ಮೆಯಿಂದ. ನೋವಿಲ್ಲದ, ಸದ್ದಿಲ್ಲದ ಕಾಲದಲ್ಲಿಯೇ ಒತ್ತಡವನ್ನು ಗುರುತಿಸಿದರೆ ಅದನ್ನು ಇಳಿಸುವುದು ಸುಲಭವೆಂಬುದು ಆ ಉತ್ತರ. ಆರೋಗ್ಯವಂತ ಮಗುವಿನ ತೋಳನ್ನೂ ವರ್ಷಕ್ಕೊಮ್ಮೆ ಅಳೆಯುವ ಕೆಲಸಕ್ಕೆ ಹಿಡಿಯುವ ಕಾಲ ಕೆಲವೇ ನಿಮಿಷಗಳು.